ಹಳೇ ಬ್ಯಾಟರಿ ಜೊತೆ ಇನ್ನೊಂದು 12 ವೋಲ್ಟ್ ಬ್ಯಾಟರಿ ಸೇರಿಸಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಮನೇಲಿ 900 ವಿಎ, 12 ವೋಲ್ಟಿನ ಇನ್ವರ್ಟರ್ ಇದೆ. 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಸಾಮರ್ಥ್ಯದ ಅಳತೆ) ಟ್ಯೂಬ್ಯುಲರ್ ಬ್ಯಾಟರಿ ಒಂದು, ಮೂರು ವರ್ಷ ಹಳೇದು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಆರೇಳು ಗಂಟೆ ಬರಲ್ಲ. 300 ವ್ಯಾಟ್ ಲೋಡಿಗೆ ಮೂರು ಗಂಟೆಗೇ ಬ್ಯಾಟರಿ ಕೈಕೊಡುತ್ತೆ. ಇನ್ನೊಂದು ಸೇರಿಸೋದಾದ್ರೆ ಸೀರೀಸಾ, ಪ್ಯಾರಲಲ್ಲಾ? ಚಾರ್ಜಿಂಗ್ ಇದೇ ಇನ್ವರ್ಟರಿಗೆ ಆಗುತ್ತಾ?

ಇನ್ವರ್ಟರ್ ಸರ್ವೀಸ್, ಹಾಸನ: ಸರ್, ನಿಮ್ಮ ಇನ್ವರ್ಟರಿಗೆ ಪ್ಯಾರಲಲ್ ಒಂದೇ ದಾರಿ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಸೀರೀಸ್, ಅಂದ್ರೆ ಒಂದರ ಪ್ಲಸ್ಸನ್ನ ಇನ್ನೊಂದರ ಮೈನಸ್ಸಿಗೆ ಮಾಡಿದ್ರೆ 24 ವೋಲ್ಟ್ ಒಳಗೆ ಹೋಗಿ ಬೋರ್ಡ್ ಸುಡುತ್ತೆ.

ಬ್ಯಾಕಪ್ ಎರಡರಷ್ಟಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿನೇ ಸಿಗುತ್ತೆ. 150 ಎಎಚ್ ಅನ್ನೋದು 20 ಗಂಟೆ ಲೆಕ್ಕ, ಅಂದ್ರೆ 7.5 ಆಂಪಿಯರ್ ಎಳೆದಾಗ ಸಿಗೋದು. 300 ವ್ಯಾಟ್ ಅಂದ್ರೆ ಸುಮಾರು 30 ಆಂಪಿಯರ್. ಅಷ್ಟು ಜೋರಾಗಿ ಎಳೆದ್ರೆ ಬ್ಯಾಟರಿ ತನ್ನೊಳಗಿರೋದನ್ನೆಲ್ಲ ಕೊಡಲ್ಲ. ಎರಡಿದ್ರೆ ಒಂದೊಂದಕ್ಕೆ 15 ಆಂಪಿಯರ್ ಅಷ್ಟೇ.

ತೊಂದರೆ ಇರೋದು ಚಾರ್ಜಿಂಗಲ್ಲಿ. ಎಎಚ್‌ನ ಹತ್ತನೇ ಒಂದು ಭಾಗ ಕೊಡಬೇಕು. 150ಕ್ಕೆ 15 ಆಂಪಿಯರ್, ಎರಡು ಪ್ಯಾರಲಲ್ ಅಂದ್ರೆ 30. ನಿಮ್ಮ ಇನ್ವರ್ಟರ್ 15 ಮಾತ್ರ ಕೊಡೋದಾದ್ರೆ, ಅರ್ಧ ಖಾಲಿಯಾದ ಜೋಡಿ ತುಂಬೋಕೆ 13-14 ಗಂಟೆ ಬೇಕು. ದಿನಾ ಕರೆಂಟ್ ಹೋಗೋ ಊರಲ್ಲಿ ಅದು ಯಾವತ್ತೂ ಪೂರ್ತಿ ತುಂಬಲ್ಲ. ಅರೆಬರೆ ಚಾರ್ಜಲ್ಲೇ ಉಳಿದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಎರಡೂ ಒಟ್ಟಿಗೆ ಹಾಳು. ಹಿಂದುಗಡೆ ಚಾರ್ಜಿಂಗ್ ಕರೆಂಟ್ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ರೆ ಬ್ಯಾಟರಿಗೆ ದುಡ್ಡು ಹಾಕೋ ಮುಂಚೆ ಇನ್ವರ್ಟರ್ ಬಗ್ಗೆ ಯೋಚಿಸಿ.

ಸೋಲಾರ್ ಕೆಲಸ, ಗದಗ: 24 ವೋಲ್ಟಿನ ಇನ್ವರ್ಟರ್ ತಗೊಂಡ್ರ ಸೀರೀಸ್ ಚೊಲೋ ರೀ. ಅದೇ ಲೋಡಿಗೆ ಕರೆಂಟ್ ಅರ್ಧ, ವಯರ್‌ದಾಗ ಬಿಸಿಯಾಗಿ ಹೋಗೂದು ನಾಲ್ಕನೇ ಒಂದು ಭಾಗ, ಚಾರ್ಜಿಂಗಿಗೂ 15 ಆಂಪಿಯರ್ ಸಾಕು. ಆದ್ರ ಸೀರೀಸಿನ್ಯಾಗ ಹಳೇದ್ರ ಜೋಡಿ ಹೊಸಾದು ಬ್ಯಾಡ್ರಿ.

ಚಾರ್ಜ್ ಆಗೂ ಮುಂದ ಎರಡೂ ತುದಿಗೆ ಮೀಟರ್ ಹಿಡದ್ರ 28.8 ತೋರಸ್ತೈತಿ, ಎಲ್ಲಾ ಸರಿ ಐತಿ ಅನಸ್ತೈತಿ. ಒಂದೊಂದಕ್ಕ ಹಿಡದು ನೋಡ್ರಿ: ಹಳೇದು 15.3, ಹೊಸಾದು 13.5. ಹಳೇದ್ರ ದಮ್ಮು ಕಡಿಮಿ, ಅದು ಮೊದಲ ತುಂಬಿ ನೀರು ಕುದಸ್ತೈತಿ. ಹೊಸಾದು ತುಂಬೂದ ಇಲ್ಲ. ಖಾಲಿ ಆಗುವಾಗ ಉಲ್ಟಾ. ಹೊಸಾದು 12, ಹಳೇದು 9ಕ್ಕ ಇಳದಿರತೈತಿ. ಇನ್ವರ್ಟರಿಗೆ ಕಾಣೂದು 21 ಮಾತ್ರ. ಅದಕ್ಕ ತಿಂಗಳಿಗೊಮ್ಮೆ ಒಂದೊಂದನ್ನ ಬ್ಯಾರೆ ಅಳೀರಿ. ಬ್ಯಾಟರಿ ಬ್ಯಾಲೆನ್ಸರ್ (ಎರಡರ ವೋಲ್ಟೇಜ್ ಸಮ ಇಡೂ ಸಾಧನ) ಹಾಕಿದ್ರ ಇನ್ನೂ ಚೊಲೋ.

ಎಲೆಕ್ಟ್ರಿಷಿಯನ್, ಶಿರಸಿ: ಪ್ಯಾರಲಲ್ ಜೋಡಿಸುವ ಕ್ರಮ ಹೇಳ್ತೆ. ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ನಾಲ್ಕೈದು ಗಂಟೆ ಹಾಗೇ ಬಿಡಿ. ಆಮೇಲೆ ಅಳೆದರೆ ಎರಡರ ನಡುವೆ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. 12.7 ಇರುವುದಕ್ಕೆ 12.1ರದ್ದು ಜೋಡಿಸಿದರೆ ಆ ಕ್ಷಣಕ್ಕೇ ಹತ್ತಾರು ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ, ಕ್ಲ್ಯಾಂಪಿನಲ್ಲಿ ಕಿಡಿ ಏಳುತ್ತದೆ.

ಇನ್ವರ್ಟರಿನ ಪ್ಲಸ್ ಮೊದಲ ಬ್ಯಾಟರಿಯಿಂದ, ಮೈನಸ್ ಎರಡನೆಯದರಿಂದ ತೆಗೆಯಿರಿ. ಎರಡನ್ನೂ ಒಂದರಿಂದಲೇ ತೆಗೆದರೆ ಹತ್ತಿರದ್ದೇ ಹೆಚ್ಚು ದುಡಿದು ಬೇಗ ಸಾಯುತ್ತದೆ. ವಯರ್ 25 ಸ್ಕ್ವೇರ್ ಎಂಎಂ ತಾಮ್ರ, ಒಂದೊಂದರ ಪ್ಲಸ್ಸಿಗೂ ಹತ್ತಿರದಲ್ಲೇ 100 ಆಂಪಿಯರ್ ಫ್ಯೂಸ್. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಸ್ಪ್ಯಾನರ್ ಹಿಡಿಕೆಗೆ ಟೇಪ್ ಸುತ್ತಿ, ಕೈಯ ಉಂಗುರ ತೆಗೆದಿಡಿ. ಟರ್ಮಿನಲ್ಲಿನ ಬಿಳಿ ಉಪ್ಪನ್ನು ಅಡುಗೆ ಸೋಡಾ ನೀರಲ್ಲಿ ಒರೆಸಿ (ಒಳಗೆ ಒಂದು ಹನಿಯೂ ಬೀಳಬಾರದು), ಒಣಗಿದ ಮೇಲೆ ವ್ಯಾಸಲಿನ್ ಹಚ್ಚಿ.

ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಎರಡಿದ್ದರೆ ಇನ್ನೂ ಹೆಚ್ಚು. ದೇವರ ಕೋಣೆ ಪಕ್ಕ, ದೀಪ ಹಚ್ಚುವಲ್ಲಿ ಇಡಲೇಬೇಡಿ. ನೀರು ಡಿಸ್ಟಿಲ್ಡ್ ಮಾತ್ರ, ಫಿಲ್ಟರ್ ನೀರೂ ಬೇಡ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. 24 ವೋಲ್ಟ್ ಮಾಡಿದ್ರೆ ಒಂದು ಬ್ಯಾಟರಿಯಿಂದ ಮಾತ್ರ ಕೊಟ್ಟಿಗೆಯ 12 ವೋಲ್ಟ್ ಎಲ್‌ಇಡಿಗೆ ಲೈನ್ ಎಳೀಬಹುದಾ? ಇನ್ನೊಂದು, ಹಳೇದನ್ನು ಪೂರ್ತಿ ಚಾರ್ಜ್ ಮಾಡಿ ಹೈಡ್ರೋಮೀಟರ್ (ಆಸಿಡ್ ಸಾಂದ್ರತೆ ಅಳೆಯೋ ಸಾಧನ) ಹಾಕಿ ನೋಡಿದೆ. ಐದು ಸೆಲ್ 1.230, ಮೂರನೇದು 1.170.

ಸೋಲಾರ್ ಕೆಲಸ, ಗದಗ: ನಡುವಿನಿಂದ ಎಳೀಬ್ಯಾಡ್ರಿ. ಅದೊಂದ ಖಾಲಿ ಆಗತಿರತೈತಿ, ಚಾರ್ಜ್ ಮಾತ್ರ ಎರಡಕ್ಕೂ ಒಂದ ಸಮ. 24ರಿಂದ 12 ಮಾಡೂ ಡಿಸಿ ಕನ್ವರ್ಟರ್ ಹಾಕ್ರಿ.

ಇನ್ವರ್ಟರ್ ಸರ್ವೀಸ್, ಹಾಸನ: ಸರ್, ಮೂರನೇ ಸೆಲ್ ಬಿದ್ದಿದೆ. ಸೆಲ್ಲುಗಳ ನಡುವೆ 0.030ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ನಿಮ್ಮದು 0.060. ನೀರಿನ ಮಟ್ಟ ಸರಿ ಮಾಡಿ, 5-6 ಆಂಪಿಯರಲ್ಲಿ ನಿಧಾನಕ್ಕೆ 15 ವೋಲ್ಟಿನವರೆಗೆ ಒಯ್ದು ಮೂರು ಗಂಟೆ ಇಡಿ. ಬ್ಯಾಟರಿ ಮುಟ್ಟೋಕೆ ಬಿಸಿಯಾದ್ರೆ ನಿಲ್ಲಿಸಿ. ಮಾರನೇ ದಿನ ಆ ಸೆಲ್ 1.200 ದಾಟದಿದ್ರೆ ಹೊಸದನ್ನ ಅದರ ಜೊತೆ ಕಟ್ಟಬೇಡಿ, ಪ್ಯಾರಲಲ್ಲಲ್ಲೂ ಬೇಡ. ಸತ್ತ ಸೆಲ್ ರಾತ್ರಿಯಿಡೀ ಹೊಸ ಬ್ಯಾಟರಿನ ಹೀರುತ್ತೆ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು, ಒಂದೇ ಕಂಪನಿ, ಒಂದೇ ಎಎಚ್, ಒಂದೇ ತಿಂಗಳ ತಾರೀಖಿರೋ ಎರಡು ತಗೊಳ್ಳಿ.