ಕಾವಿನ ಹ್ಯಾಟೆ ಜೊತೆ ಇದ್ದರೂ ಮರಿ ಸಾಯ್ತಿವೆ, ಬೇರೆ ಮಾಡ್ಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಡಾಕ್ಟ್ರೇ, ನಮಸ್ಕಾರ. ನಮ್ಮನೆ ನಾಟಿ ಹ್ಯಾಟೆ ಕಾವು ಕೂತು ಚೆನ್ನಾಗಿ ಮರಿ ಮಾಡಿತ್ತು. ಈಗ ಮರಿಗಳಿಗೆ ಮೂರು ವಾರ ದಾಟಿದೆ. ಮಳೆ ಜೋರಾದಮೇಲೆ ಒಂದೊಂದೇ ಸಾಯ್ತಿವೆ. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತವೆ, ಹಿಕ್ಕೆಯಲ್ಲಿ ರಕ್ತ ಕಾಣುತ್ತೆ. ರಾತ್ರಿ ಕಟ್ಟಿಗೆ ಕೊಟ್ಟಿಗೆಯಲ್ಲಿ ತಾಯಿ ಸಮೇತ ಬುಟ್ಟಿ ಕವುಚಿ ಹಾಕ್ತೀವಿ. ನೆಲ ಮಣ್ಣಿಂದು, ಸ್ವಲ್ಪ ಥಂಡಿ. ತಿನ್ನೋಕೆ ಅಕ್ಕಿ ನುಚ್ಚು. ಪಕ್ಕದ ಮನೆಯವರು ‘ತಾಯಿಯಿಂದ ಬೇರೆ ಮಾಡಿ ಬಲ್ಬ್ ಹಾಕಿ’ ಅಂತಾರೆ. ಹಾಗೆ ಮಾಡ್ಲಾ?

ಪಶುವೈದ್ಯರ ಉತ್ತರ:
ಬೇರೆ ಮಾಡಬೇಡಿ. ಬದಲಾಯಿಸಬೇಕಾದ್ದು ನೆಲವನ್ನು.

ಮೂರು ವಾರದ ಮರಿ, ರಕ್ತದ ಹಿಕ್ಕೆ, ಮಳೆಗಾಲ. ಮೂರೂ ಸೇರಿದರೆ ಮೊದಲ ಅನುಮಾನ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಇದರ ರೋಗಾಣು ಹಿಕ್ಕೆಯಲ್ಲಿ ಹೊರಬೀಳುತ್ತದೆ. ಬೆಚ್ಚಗೆ ಒದ್ದೆಯಾಗಿರುವ ನೆಲದಲ್ಲಿ ಒಂದೆರಡು ದಿನಕ್ಕೇ ಬಲಿತು, ಕೆದಕಿ ತಿನ್ನುವ ಮರಿಯ ಹೊಟ್ಟೆ ಸೇರುತ್ತದೆ. ದೊಡ್ಡ ಕೋಳಿಗೆ ಅದನ್ನು ತಡೆಯುವ ಶಕ್ತಿ ಬಂದಿರುತ್ತದೆ, ಹಾಗಾಗಿ ತಾಯಿ ಆರಾಮಾಗಿ ಓಡಾಡಿಕೊಂಡಿದ್ದೇ ರೋಗಾಣು ಹರಡುತ್ತಿರಬಹುದು. ಆದರೆ ಒಣ ನೆಲದಲ್ಲಿ ಮರಿಗೆ ಸಿಗುವುದು ಚೂರುಪಾರು, ಅದರಿಂದ ಅದಕ್ಕೂ ನಿಧಾನವಾಗಿ ಶಕ್ತಿ ಬರುತ್ತದೆ. ಒದ್ದೆಯಲ್ಲಿ ಒಮ್ಮೆಲೇ ಹೆಚ್ಚು ಸಿಕ್ಕಿ ಕರುಳು ಹಣ್ಣಾಗುತ್ತದೆ.

ಈಗಲೇ ಒಂದು ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಿಸಿ. ರಕ್ತಭೇದಿಯೇ ಆಗಿದ್ದರೆ ಆಂಪ್ರೋಲಿಯಂ ಪುಡಿ ಬರೆದುಕೊಡುತ್ತಾರೆ. ಅವರು ಹೇಳಿದ ಪ್ರಮಾಣದಲ್ಲಿ ಕುಡಿಯುವ ನೀರಿಗೆ ಬೆರೆಸಿ, ಅಷ್ಟು ದಿನ ಬೇರೆ ನೀರು ಸಿಗದಂತೆ ನೋಡಿಕೊಳ್ಳಿ. ಸುರಿಯುವ ಮಳೆಯಲ್ಲಿ ಹೊರಗೆ ಬಿಟ್ಟರೆ ಅಂಗಳದ ಹೊಂಡದ ನೀರು ಕುಡಿದು ಬರುತ್ತವೆ, ಔಷಧಿ ದಂಡ. ಆ ದಿನಗಳಲ್ಲಿ ‘ಶಕ್ತಿಗಿರಲಿ’ ಅಂತ ಬಿ-ಕಾಂಪ್ಲೆಕ್ಸ್ ಕೊಡಲೇಬೇಡಿ. ಅದರಲ್ಲಿ ಬಿ1 ವಿಟಮಿನ್ ಇರುತ್ತದೆ, ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಆ ಬಿ1 ಸಿಗದಂತೆ ತಡೆದು. ಅಂಗಡಿಯವರು ಎರಡನ್ನೂ ಒಟ್ಟಿಗೆ ಕಟ್ಟಿಕೊಡುವುದುಂಟು.

ಬುಟ್ಟಿಯನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ಕೆಳಗೆ ಭತ್ತದ ಉಮಿಯೋ ಒಣ ತರಗೋ ಹಾಕಿ, ದಿನಾ ಬೆಳಿಗ್ಗೆ ತೆಗೆದು ಹೊಸದು ಹಾಸಿ. ಫಿನಾಯಿಲ್, ಸುಣ್ಣ ನಂಬಿ ಕೂರಬೇಡಿ, ಈ ರೋಗಾಣು ಅವಕ್ಕೆಲ್ಲ ಸುಲಭಕ್ಕೆ ಜಗ್ಗುವುದಿಲ್ಲ. ಕುದಿಯುವ ನೀರು, ಬಿಸಿಲು, ಒಣಗುವಿಕೆ, ಇವಕ್ಕೆ ಜಗ್ಗುತ್ತದೆ. ನೀರಿನ ತಟ್ಟೆಯನ್ನು ಇಟ್ಟಿಗೆಯ ಮೇಲಿಡಿ, ಇಲ್ಲದಿದ್ದರೆ ತಾಯಿ ಕೆದಕಿ ಹಿಕ್ಕೆಯೆಲ್ಲ ಅದರೊಳಗೆ.

ಬಲ್ಬ್ ವಿಷಯ: ತಾಯಿ ಇಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರವಾರ ಇಳಿಸುತ್ತಾ ಹೋಗಬೇಕು. ಹ್ಯಾಟೆ ಅದನ್ನು ಕರೆಂಟಿಲ್ಲದೆ ಮಾಡುತ್ತಿದೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಮರಿ ಸಾಕುವ ಧೈರ್ಯ ನನಗಂತೂ ಇಲ್ಲ.

ಇನ್ನು ಬರೀ ನುಚ್ಚು ಸಾಲದು. ಚಿಕ್ ಸ್ಟಾರ್ಟರ್ (ಮರಿಗಳಿಗೆಂದೇ ಮಾಡಿದ ಫೀಡ್) ಕೊಡಿ, ತಾಯಿ ತಿಂದರೂ ತೊಂದರೆಯಿಲ್ಲ. ಮೊಟ್ಟೆ ಕೋಳಿಯ ಲೇಯರ್ ಫೀಡ್ ಮಾತ್ರ ಮರಿಗೆ ಬೇಡ, ಅದರ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ತಾಯಿಯೇ ಎಲ್ಲ ಖಾಲಿ ಮಾಡುತ್ತಿದ್ದರೆ ಒಂದು ಬುಟ್ಟಿಯನ್ನು ಇಟ್ಟಿಗೆಗಳ ಮೇಲೆ ಕವುಚಿ, ಮರಿ ಮಾತ್ರ ನುಸುಳುವಷ್ಟು ಸಂದಿ ಬಿಟ್ಟು, ಒಳಗೆ ಫೀಡ್ ಇಡಿ.

ಪ್ರಶ್ನೆ ಕೇಳಿದವರು: ಲಸಿಕೆ ಹಾಕಿಸಿಲ್ಲ ಡಾಕ್ಟ್ರೇ. ನಾಟಿ ಕೋಳಿಗೂ ಬೇಕಾ?

ಪಶುವೈದ್ಯರು: ಬೇಕೇ ಬೇಕು. ಕೊಕ್ಕರೆ ರೋಗ (ರಾಣಿಖೇತ್) ನಾಟಿ, ಫಾರಂ ಅಂತ ನೋಡುವುದಿಲ್ಲ. ಅದಕ್ಕೆ 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರದ ಹೊತ್ತಿಗೆ ಅದೇ ರೋಗದ ಇನ್ನೊಂದು ಲಸಿಕೆ, ಆರ್2ಬಿ. ನಿಮ್ಮವು ಈಗ ಕಾಯಿಲೆಯಲ್ಲಿವೆ, ಚೇತರಿಸಿಕೊಂಡ ಮೇಲೆ ಹಾಕಿಸಿ. ಸೀಸೆ ನೂರಾರು ಡೋಸಿನದು, ಕಲಸಿದ ಮೇಲೆ ಐಸ್ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಒಂದೇ ಮನೆಗೆ ಅಂದರೆ ಮುಕ್ಕಾಲು ಪಾಲು ಚೆಲ್ಲಬೇಕು. ಕೇರಿಯವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಹ್ಯಾಟೆ ಕೂರಿಸಿದರೆ ಈ ತಾಪತ್ರಯವಿಲ್ಲ.

ಇನ್ನೊಬ್ಬರು (ತುಮಕೂರು): ಸರ್, ಕಾವು ಕೂತ ನಾಟಿ ಕೋಳಿ ಕೆಳಗೆ ಗಿರಿರಾಜ ತಳಿಯ ಮರಿ ತಂದು ಬಿಡಬಹುದಾ?

ಪಶುವೈದ್ಯರು: ಬಿಡಬಹುದು, ಗಿರಿರಾಜ ತಾನಾಗಿ ಕಾವು ಕೂರುವುದು ಅಪರೂಪ. ಮರಿ ಒಂದೆರಡು ದಿನದ್ದಿರಬೇಕು. ವಾರಗಟ್ಟಲೆ ಬಲ್ಬಿನಡಿ ಬೆಳೆದದ್ದಕ್ಕೆ ತಾಯಿ ‘ಕ್ಲಕ್ ಕ್ಲಕ್’ ಅಂದರೆ ಏನೆಂದೇ ತಿಳಿಯದು. ಹ್ಯಾಟೆ ಹೆಚ್ಚುಕಡಿಮೆ ಮೂರು ವಾರ ಕೂತಿರಲಿ. ಕತ್ತಲಾದ ಮೇಲೆ ಒಂದೊಂದು ಮೊಟ್ಟೆ ತೆಗೆದು ಒಂದೊಂದು ಮರಿ ಸೇರಿಸಿ, ಬೆಳಕು ಹರಿಯುವಾಗ ಹತ್ತಿರವೇ ಇದ್ದು ನೋಡಿ. ಕುಕ್ಕಿದರೆ ತಕ್ಷಣ ತೆಗೆಯಿರಿ, ‘ಹೊಂದಿಕೊಳ್ಳುತ್ತೆ’ ಅಂತ ಕಾಯಬೇಡಿ. ಹನ್ನೆರಡಕ್ಕಿಂತ ಹೆಚ್ಚು ಬೇಡ.

ಮತ್ತೊಬ್ಬರು: ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಅಜ್ಜಿ ಗೂಡಲ್ಲಿ ಕಬ್ಬಿಣ, ಇದ್ದಿಲು ಇಡಿಸ್ತಾರೆ. ನಿಜನಾ?

ಪಶುವೈದ್ಯರು: ಇಟ್ಟರೆ ನಷ್ಟವೇನಿಲ್ಲ, ಅಜ್ಜಿ ಜೊತೆ ಜಗಳ ಬೇಡ. ಆದರೆ ವಾರಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ, ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ ರಕ್ತನಾಳ ಕಾಣದ್ದನ್ನು ತೆಗೆಯಿರಿ. ಗೂಡಲ್ಲಿ ಹೇನು ಬಿದ್ದರೆ ಹ್ಯಾಟೆ ಕಾವು ಬಿಟ್ಟೇಳುತ್ತದೆ. ಹತ್ತಿರದಲ್ಲೇ ಒಲೆ ಬೂದಿಯ ಗುಂಡಿಯಿದ್ದರೆ ತಾನೇ ಹೊರಳಾಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಸತ್ತ ಮರಿಗಳನ್ನ ಗೊಬ್ಬರಗುಂಡಿಗೆ ಹಾಕಿದ್ದೆ...

ಪಶುವೈದ್ಯರು: ಅಲ್ಲೇ ತಾಯಿ ಮರಿ ಕರಕೊಂಡು ಹುಳ ಕೆದಕಲು ಹೋಗುತ್ತದೆ. ತೆಗೆದು, ನಾಯಿ ಬಗೆಯದಷ್ಟು ಆಳಕ್ಕೆ ದೂರದಲ್ಲಿ ಹೂಳಿ. ಆಸ್ಪತ್ರೆಯಲ್ಲಿ ಏನಂದರು ಅಂತ ಇಲ್ಲೇ ಬರೆಯಿರಿ.