ಕರು ಹಾಕಿದ ಮರುದಿನ ಹಸು ಏಳುತ್ತಿಲ್ಲ, ಡಾಕ್ಟರ್ ಬರುವವರೆಗೆ ಏನು ಮಾಡಲಿ?

ಕೊಟ್ಟಿಗೆಮನೆ:
ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ, ನಾಲ್ಕನೇ ಸೂಲು. ನಿನ್ನೆ ಸಂಜೆ ಕರು ಹಾಕಿತು, ಮಾಸೂ ಬಿತ್ತು. ರಾತ್ರಿ ಮೇವು ಮುಟ್ಟಲಿಲ್ಲ, ಹಿಂಗಾಲು ತಡವರಿಸುತ್ತಿತ್ತು. ಬೆಳಿಗ್ಗೆಯಿಂದ ಎದ್ದೇ ಇಲ್ಲ. ಕುತ್ತಿಗೆ ತಿರುಗಿಸಿ ತಲೆಯನ್ನು ಪಕ್ಕೆಗೆ ಒರಗಿಸಿಕೊಂಡಿದೆ. ಕಿವಿ ತಣ್ಣಗಿದೆ, ಮೂತಿ ಒಣಗಿದೆ, ಸಗಣಿ ಹಾಕಿಲ್ಲ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ, ಗಾಡಿ ಬೇರೆ ಊರಲ್ಲಿದೆ, ಬರೋದು ತಡವಾಗುತ್ತದಂತೆ. ಪಕ್ಕದ ಮನೆಯವರು ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಕೊಳವೆ) ಬೆಲ್ಲದ ನೀರು, ಎಣ್ಣೆ ಹಾಕು ಅಂತಿದ್ದಾರೆ. ಹಾಕಬಹುದಾ?

ದನದ ಡಾಕ್ಟರ್:
ಬೇಡ. ಬಾಯಿಗೆ ಏನೂ ಹಾಕಬೇಡಿ, ನೀರೂ ಸಹ. ನೀವು ಹೇಳಿದ್ದೆಲ್ಲ ಹಾಲು ಜ್ವರದ ಲಕ್ಷಣ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ. ಇಂಥ ಹೊತ್ತಲ್ಲಿ ಹಸುವಿಗೆ ನುಂಗುವ ಶಕ್ತಿಯೇ ಇರುವುದಿಲ್ಲ, ಗೊಟ್ಟದಲ್ಲಿ ಸುರಿದದ್ದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಮೇಲೆ ಕ್ಯಾಲ್ಸಿಯಂ ಕೊಟ್ಟು ಎಬ್ಬಿಸಿದರೂ ನಾಲ್ಕು ದಿನಕ್ಕೆ ನ್ಯುಮೋನಿಯಾ ಆಗಿ ಹೋಗಿಬಿಡಬಹುದು.

ಈಗ ಮಾಡಬೇಕಾದ್ದು ಅದನ್ನು ಎದೆಯ ಮೇಲೆ ಕೂರಿಸುವುದು. ಪೂರ್ತಿ ಪಕ್ಕಕ್ಕೆ ಬಿದ್ದರೆ ತೇಗು ಬರುವುದಿಲ್ಲ, ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ. ಎರಡೂ ಕಡೆ ಹುಲ್ಲಿನ ಹೊರೆ ಅಥವಾ ಮಣ್ಣು ತುಂಬಿದ ಚೀಲ ಒತ್ತು ಕೊಡಿ. ಸಿಮೆಂಟ್ ನೆಲವಾದರೆ ಕೆಳಗೆ ದಪ್ಪಗೆ ಹುಲ್ಲು ಹಾಸಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಕೆಳಗಿನ ಕಾಲಿನ ಮಾಂಸಖಂಡ ನಜ್ಜಾಗಿ, ಕ್ಯಾಲ್ಸಿಯಂ ಸರಿಯಾದ ಮೇಲೂ ಏಳಲಾಗುವುದಿಲ್ಲ.

ಡೈರಿ ಅಕ್ಕ:
ಮೆಡಿಕಲ್‌ನಲ್ಲಿ ಕ್ಯಾಲ್ಸಿಯಂ ಬಾಟ್ಲಿ ಸಿಗುತ್ತಲ್ವಾ, ನಮ್ಮೂರಲ್ಲಿ ಒಬ್ಬರು ತಾವೇ ನರಕ್ಕೆ ಹಾಕುತ್ತಾರೆ.

ದನದ ಡಾಕ್ಟರ್:
ಅಕ್ಕಾ, ದಯವಿಟ್ಟು ಬೇಡ. 450 ಮಿಲಿ ಬಾಟ್ಲಿಯನ್ನು ನಾವು 10–15 ನಿಮಿಷ ತಗೊಂಡು, ಎದೆಬಡಿತ ಕೇಳ್ತಾ ಕೇಳ್ತಾ ಇಳಿಸುತ್ತೇವೆ. ಬಡಿತ ಏರುಪೇರಾದರೆ ಅಲ್ಲೇ ನಿಲ್ಲಿಸುತ್ತೇವೆ. ಬೇಗ ಮುಗಿಸೋಣ ಅಂತ ಬಾಟ್ಲಿ ಎತ್ತಿ ಹಿಡಿದರೆ ಸೂಜಿ ಕೀಳುವ ಮೊದಲೇ ಗುಂಡಿಗೆ ನಿಲ್ಲಬಹುದು.

ಕೊಟ್ಟಿಗೆಮನೆ:
ಡಾಕ್ಟರ್ ಬಂದು ಹಾಕಿದರು. ಅರ್ಧ ಬಾಟ್ಲಿ ಇಳಿಯುವಷ್ಟರಲ್ಲಿ ಪಕ್ಕೆಯ ಚರ್ಮ ಅದುರಲು ಶುರುವಾಯ್ತು, ಮೂತಿ ಮೇಲೆ ಸಣ್ಣ ಸಣ್ಣ ಬೆವರ ಹನಿ ಮೂಡಿತು, ಆಮೇಲೆ ದೊಡ್ಡದಾಗಿ ತೇಗಿ ಒಂದು ರಾಶಿ ಸಗಣಿ ಹಾಕಿತು! ಸ್ವಲ್ಪ ಹೊತ್ತಿಗೆ ತಾನೇ ಎದ್ದು ನಿಂತಿದೆ. ಕೆಚ್ಚಲು ಬಿಗಿಯಾಗಿದೆ, ಪೂರ್ತಿ ಕರೆಯಲಾ?

ದನದ ಡಾಕ್ಟರ್:
ಕರುವಿಗೆ ಬೇಕಾದಷ್ಟು ಗಿಣ್ಣು ಹಾಲು ಮಾತ್ರ ತೆಗೆಯಿರಿ. ಹಸುವಿನ ರಕ್ತದಲ್ಲಿ ಒಟ್ಟು ಇರುವ ಕ್ಯಾಲ್ಸಿಯಂ ಕೆಲವೇ ಗ್ರಾಂ, ಒಂದು ಲೀಟರ್ ಗಿಣ್ಣಿನಲ್ಲಿ ಸುಮಾರು 2 ಗ್ರಾಂ ಹೋಗುತ್ತದೆ. ಲೆಕ್ಕ ನೀವೇ ಹಾಕಿ. ಒಂದೆರಡು ದಿನ ಕೆಚ್ಚಲು ಬರಿದು ಮಾಡಬೇಡಿ. ಮತ್ತೆ ಬೀಳುವ ಹಸುಗಳೂ ಇರುತ್ತವೆ, ಅದಕ್ಕೆ ಇವತ್ತು ರಾತ್ರಿ ಒಮ್ಮೆ ಎದ್ದು ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಹಳೇ ಹೈನುಗಾರ:
ತುಂಬು ಗಬ್ಬದಲ್ಲಿ ಕ್ಯಾಲ್ಸಿಯಂ ಟಾನಿಕ್ ಕುಡಿಸ್ತಿದ್ರಾ? ಹಾಗಿದ್ದರೆ ಮುಂದಿನ ಸಲ ಕೊನೆಯ ಎರಡು ಮೂರು ವಾರ ಅದನ್ನು ನಿಲ್ಲಿಸಿ. ಹೊರಗಿನಿಂದ ಜಾಸ್ತಿ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ಮೈ ಮರೆತುಬಿಡುತ್ತದೆ. ಕರು ಹಾಕಿದ ಮೇಲೆ ಶುರು ಮಾಡಿ, ಅದೂ ಹಸು ನಿಂತಿದ್ದು ಸರಿಯಾಗಿ ನುಂಗುತ್ತಿದ್ದರೆ ಮಾತ್ರ.