ಎಂಟನೇ ಕ್ಲಾಸಿಗೆ ಫ್ರೆಂಚಾ, ಜರ್ಮನ್ನಾ, ಜಪಾನೀಸಾ?

ಕೋಥ್ರೂಡ್ ಅಮ್ಮ: ಎಲ್ಲರಿಗೂ ನಮಸ್ಕಾರ. ನಾವಿರೋದು ಪುಣೆಯಲ್ಲಿ. ಮಗಳಿಗೆ ಶಾಲೆಯಲ್ಲಿ ಈ ಮೂರರಲ್ಲಿ ಒಂದು ಆರಿಸಿ ಶುಕ್ರವಾರದೊಳಗೆ ಫಾರ್ಮ್ ಕೊಡಬೇಕು. ಅವಳದ್ದು ಓದು, ಬರಹ, ಜಗಳ ಎಲ್ಲಾ ಇಂಗ್ಲಿಷಿನಲ್ಲೇ. ಕನ್ನಡ ಮಾತಾಡ್ತಾಳೆ, ಓದಲು ಬರಲ್ಲ. ಗಣಿತ, ವಿಜ್ಞಾನಕ್ಕೆ ಈಗಾಗಲೇ ಟ್ಯೂಷನ್ ಇದೆ, ಇನ್ನೊಂದು ಬೇಡ. ಯಾವುದು ಸುಲಭ?

ಔಂಧ್ ಅಂಕಲ್: ಜರ್ಮನ್! ಕಣ್ಣು ಮುಚ್ಚಿ ಹಾಕಿಸಿ. ನನ್ನ ಮಗ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೂರನೇ ಹಂತ ಬಿ1 ಮುಗಿಸಿದ, ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಇಲ್ಲೇ ಪುಣೆ ಹತ್ತಿರದ ಚಾಕಣ್‌ನಲ್ಲೂ ಜರ್ಮನ್ ಕಾರ್ ಕಂಪನಿಗಳಿವೆ.

ವಾಕಡ್ ಟೀಚರ್: ಅಂಕಲ್, ಅವರು ಕೇಳಿದ್ದು ಸುಲಭದ್ದು. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಯಭಾರಿಗಳಿಗೆ ಭಾಷೆ ಕಲಿಸುತ್ತೆ. ಅವರ ಲೆಕ್ಕದಲ್ಲಿ ಇಂಗ್ಲಿಷ್ ಬಲ್ಲವರಿಗೆ ಫ್ರೆಂಚ್ ಸುಮಾರು 30 ವಾರ, ಜರ್ಮನ್ 36, ಜಪಾನೀಸ್ 88. ದೊಡ್ಡವರು ದಿನವಿಡೀ ಕೂತು ಕಲಿಯೋ ಲೆಕ್ಕ ಅದು. ಶಾಲೆಯ ಪಾಠಕ್ಕೆ ಹಾಗೇ ಹೊಂದಲ್ಲ, ಆದ್ರೆ ಯಾವುದು ಹಗುರ ಅಂತ ಗೊತ್ತಾಗುತ್ತೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಕಿಟಕಿ ನಪುಂಸಕ. ಬಾಯಿಪಾಠ ಮಾಡದೆ ಗತಿಯಿಲ್ಲ. ಫ್ರೆಂಚಿನಲ್ಲಿ ಎರಡೇ ಲಿಂಗ. ಟೇಬಲ್, ಫ್ರೂಟ್, ನೇಶನ್ ಎಲ್ಲಾ ಇಂಗ್ಲಿಷಿನ ಹಾಗೇ ಬರೆಯೋದು, ನೋಡಿದ್ರೆ ಗುರುತು ಸಿಗುತ್ತೆ. ಉಚ್ಚಾರಣೆ ಮಾತ್ರ ಸತಾಯಿಸುತ್ತೆ, ಕೊನೆ ಅಕ್ಷರ ಎಷ್ಟೋ ಸಲ ನುಂಗಿಬಿಡ್ತಾರೆ. ಜಪಾನೀಸ್ ವಾಕ್ಯ ನಮ್ಮ ಕನ್ನಡದ ಹಾಗೇ ಕ್ರಿಯಾಪದದಲ್ಲಿ ಮುಗಿಯುತ್ತೆ. ಆದ್ರೆ ದಿನಬಳಕೆಗೆ ಅಂತ ಅವರ ಸರ್ಕಾರ ಪಟ್ಟಿ ಮಾಡಿರೋ ಕಾಂಜಿ, ಅಂದ್ರೆ ಚೀನೀ ಮೂಲದ ಅಕ್ಷರಗಳೇ 2,136!

ಮಡಗಾಂವ್ ಮಾಮ: ಪೋರ್ಚುಗೀಸ್ ಯಾಕೆ ಯಾರೂ ಹೇಳಲ್ಲ? ಅದೂ ಫ್ರೆಂಚಿನ ಹಾಗೆ ಸುಲಭದ ಗುಂಪಿನದ್ದೇ. 1961ರ ತನಕ ಇಲ್ಲಿ ಗೋವಾದಲ್ಲಿ ಅದೇ ರಾಜ್ಯಭಾಷೆ. ನಮ್ಮ ಮನೆ ಓನರ್ ಅಜ್ಜಿ ಬೈಯೋದು ಈಗಲೂ ಅದರಲ್ಲೇ.

ಸಿಂಹಗಡ ರೋಡ್ ಮೇಷ್ಟ್ರು: ಇಷ್ಟೆಲ್ಲಾ ಬರೆದಿರಲ್ಲ, ಎಂಟನೇ ಕ್ಲಾಸಿನ ಹುಡುಗಿಗೆ ಕನ್ನಡ ಓದಲು ಬರಲ್ಲ ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ವಾ? ಮರಾಠಿ ಓದ್ತಾಳೆ ತಾನೇ? ಅದೇ ಅ ಆ ಇ ಈ, ಅದೇ ಕ ಖ ಗ ಘ. ಆಕಾರ ಮಾತ್ರ ಬೇರೆ. ಇದಕ್ಕಿಂತ ಸುಲಭ ಯಾವುದಿದೆ? ಮನೆ ದೀಪ ಆರಿಸಿ ಪ್ಯಾರಿಸ್ ಬೆಳಗೋದು ಬೇಡ. ನಾನೇ ಕಲಿಸ್ತೀನಿ, ಕಳಿಸಿ!

ಠಾಣೆ ಅತ್ತೆ: ಮೇಷ್ಟ್ರು ಹೇಳಿದ್ದು ಸರಿ. ನನ್ನ ಮಕ್ಕಳು ಅಜ್ಜಿಯ ವಾಟ್ಸಾಪ್ ಮೆಸೇಜ್ ಬಂದ್ರೆ ಫೋನ್ ನನ್ನ ಕೈಗೆ ಕೊಡ್ತಾರೆ. ಈಗ ಅವರಿಗೆ ಕಲಿಯೋ ವಯಸ್ಸೂ ಅಲ್ಲ, ಮನಸ್ಸೂ ಇಲ್ಲ.

ಔಂಧ್ ಅಂಕಲ್: ಕನ್ನಡ ವೀಸಾ ಕೊಡಿಸುತ್ತಾ ಮೇಷ್ಟ್ರೇ?

ಸಿಂಹಗಡ ರೋಡ್ ಮೇಷ್ಟ್ರು: ನಿಮ್ಮ ಮೊಮ್ಮಕ್ಕಳು ನಿಮ್ಮ ಜೊತೆ ಯಾವ ಭಾಷೇಲಿ ಮಾತಾಡ್ತಾರೆ?

ಕೋಥ್ರೂಡ್ ಅಮ್ಮ: ಮೇಷ್ಟ್ರೇ, ಖಂಡಿತ ಕಳಿಸ್ತೀನಿ. ಆದ್ರೆ ಫಾರ್ಮಿನಲ್ಲಿ ಕನ್ನಡ ಇಲ್ಲವಲ್ಲ...

ವಾಕಡ್ ಟೀಚರ್: ಫ್ರೆಂಚ್ ಬರೆದು ಕೊಡಿ ಅಕ್ಕ.

ಬಾಣೇರ್ ಹುಡುಗ: ಮೇಷ್ಟ್ರೇ, ಕ್ಲಾಸ್ ಭಾನುವಾರನಾ? ನಮ್ಮ ಸೊಸೈಟಿ ಕ್ಲಬ್‌ಹೌಸ್ ಕೇಳ್ತೀನಿ.

ಸಿಂಹಗಡ ರೋಡ್ ಮೇಷ್ಟ್ರು: ಭಾನುವಾರ ಗಣಪತಿ ಮೀಟಿಂಗ್ ಇದೆ. ಶನಿವಾರ ಇಡೋಣ. ಯಾರ್ಯಾರ ಮಕ್ಕಳು ಬರ್ತಾರೆ, ಕೆಳಗೆ ಬರೀರಿ.